ಎಲ್ಲರೂ ಬರೆಯುವ ಗ್ರಂಥದಲ್ಲಿ ಯಾರ ಸಾಕ್ಷಿ?

ಒಂದು ಊರಿನ ವಿಷಯದಲ್ಲಾಗಲಿ, ಒಂದು ಸಮುದಾಯದ ವಿಷಯದಲ್ಲಾಗಲಿ ಜನರು ತಳೆಯುವ ಅಭಿಪ್ರಾಯವು ಬಹುಮಟ್ಟಿಗೆ ಅವರು ಮೊದಲು ಓದಿದ ನಾಲ್ಕು ಸಾಲುಗಳಿಂದ ರೂಪುಗೊಳ್ಳುತ್ತದೆ. ಹಿಂದಿನ ತಲೆಮಾರಿಗೆ ಆ ನಾಲ್ಕು ಸಾಲು ದೊರೆಯುತ್ತಿದ್ದುದು ಪಠ್ಯಪುಸ್ತಕದಲ್ಲಿ, ಗೆಜೆಟಿಯರಿನಲ್ಲಿ, ಇಲ್ಲವೇ ಊರ ಹಿರಿಯರ ಬಾಯಲ್ಲಿ. ಇಂದಿನ ಮಕ್ಕಳಿಗೆ ಅದು ದೊರೆಯುವುದು ಕೈಯಲ್ಲಿರುವ ಮೊಬೈಲಿನಲ್ಲಿ. ಅದರಲ್ಲಿಯೂ ವಿಕಿಪೀಡಿಯವೆಂಬ ಅಂತರಜಾಲ ವಿಶ್ವಕೋಶದಲ್ಲಿ. ಶಿಕಾರಿಪುರ ಸೊರಬಗಳ ನಮ್ಮ ಕಥೋಲಿಕ ಕುಟುಂಬಗಳಲ್ಲಿಯೂ ಶಾಲೆಯ ಪ್ರಬಂಧವಿರಲಿ, ಭಾಷಣ ಸ್ಪರ್ಧೆಯಿರಲಿ, ಮಕ್ಕಳ ಕೈ ಮೊದಲು ಹೋಗುವುದು ಅತ್ತಲೇ. ಆದುದರಿಂದ ಆ ಸಾಲುಗಳನ್ನು ಬರೆಯುವವರು ಯಾರು, ವಿವಾದವಿರುವೆಡೆ ಅವನ್ನು ತಿದ್ದುವವರು ಯಾರು, ಆ ತಿದ್ದುಪಡಿಯಿಂದ ನಮ್ಮ ಕುರಿತೂ ನಮ್ಮ ನೆರೆಯವರ ಕುರಿತೂ ಎಂತಹ ಲೋಕಾಭಿಪ್ರಾಯ ಬೆಳೆಯುತ್ತದೆ ಎಂಬುದನ್ನು ಈ ವಾರ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇವೆ.

ಮೊದಲು ಆ ಗ್ರಂಥದ ರೀತಿನೀತಿಯನ್ನು ಅರಿಯಬೇಕು. 2001ರ ಜನವರಿ 15ರಂದು ಅಮೆರಿಕದಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಇದನ್ನು ಆರಂಭಿಸಿದರು. ಕನ್ನಡದ ಆವೃತ್ತಿ 2003ರಲ್ಲಿ ತೆರೆಯಿತು. ಕೊಂಕಣಿಯದು 2015ರಲ್ಲಿ, ತುಳುವಿನದು 2016ರಲ್ಲಿ ಬಂದಿತು. ಆಂಗ್ಲ ಆವೃತ್ತಿಯ ಲೇಖನಗಳು 70 ಲಕ್ಷ ದಾಟಿವೆ. ಕನ್ನಡದವು 30 ಸಾವಿರಕ್ಕಿಂತ ತುಸು ಹೆಚ್ಚು. ಇದರಲ್ಲಿ ಸಂಬಳದ ವಿದ್ವಾಂಸರ ಮಂಡಳಿಯಿಲ್ಲ. ಇಚ್ಛೆಯುಳ್ಳ ಯಾರೇ ಆದರೂ ಬರೆಯಬಹುದು, ಇನ್ನೊಬ್ಬರು ಬರೆದುದನ್ನು ತಿದ್ದಬಹುದು. ಆದರೆ ನಿಯಮಗಳಿವೆ. ಬರೆದುದಕ್ಕೆ ಪ್ರಕಟವಾದ, ನಂಬಲರ್ಹವಾದ ಆಧಾರವನ್ನು ತೋರಿಸಬೇಕು. ಸ್ವಂತ ಸಂಶೋಧನೆಯನ್ನು ಸೇರಿಸಬಾರದು. ಭಿನ್ನಾಭಿಪ್ರಾಯವಿರುವಲ್ಲಿ ಪ್ರಮುಖವಾದ ಎಲ್ಲ ಪಕ್ಷಗಳನ್ನೂ ತಟಸ್ಥವಾಗಿ ನಿರೂಪಿಸಬೇಕು. ಆಂಗ್ಲ ಆವೃತ್ತಿಯಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಇತರರ ಬರಹವನ್ನು ಅಳಿಸುವಂತಿಲ್ಲ. ಕಲಹ ಮಿತಿಮೀರಿದ ಕೆಲವು ಪುಟಗಳನ್ನು 30 ದಿನಗಳ ಸದಸ್ಯತ್ವವೂ 500 ತಿದ್ದುಪಡಿಗಳ ಅನುಭವವೂ ಇದ್ದವರಷ್ಟೇ ಮುಟ್ಟಬಹುದು. ಪ್ರತಿಯೊಂದು ತಿದ್ದುಪಡಿಯೂ 'ಇತಿಹಾಸ'ವೆಂಬ ವಿಭಾಗದಲ್ಲಿ ದಾಖಲಾಗಿರುತ್ತದೆ. ಸಂಪಾದಕರ ವಾದವಿವಾದ 'ಚರ್ಚೆ'ಯೆಂಬ ವಿಭಾಗದಲ್ಲಿರುತ್ತದೆ. ವ್ಯವಸ್ಥೆಯೇನೋ ಚೊಕ್ಕವಾಗಿದೆ. ಆದರೆ ಓದುಗರಲ್ಲಿ ಬಹುಪಾಲು ಜನ ಆ ಎರಡು ವಿಭಾಗಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಅವರು ಮೊದಲ ಪರಿಚ್ಛೇದವನ್ನು ಓದಿ ಮುಗಿಸುತ್ತಾರೆ.

ಮೊದಲ ಪರಿಚ್ಛೇದದಲ್ಲಿ ಯಾವುದು ಬರಬೇಕು ಎಂಬುದೇ ಇಲ್ಲಿಯ ದೊಡ್ಡ ಜಗಳ. ನಮ್ಮ ಸೀಮೆಯ ನಿದರ್ಶನವನ್ನೇ ನೋಡೋಣ. ಕನ್ನಡದ ಅತ್ಯಂತ ಹಳೆಯ ಶಾಸನ ಯಾವುದೆಂದು ಕೇಳಿದರೆ, ಬೇಲೂರು ತಾಲ್ಲೂಕಿನ ಹಲ್ಮಿಡಿಯದು, ಕ್ರಿ.ಶ. ಸುಮಾರು 450ರದು ಎಂದು ನಾವೆಲ್ಲ ಕಲಿತಿದ್ದೇವೆ. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಆದರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ದೊರೆತ ಸಿಂಹಕಟಾಂಜನದ ಬರಹವನ್ನು ಆ ಇಲಾಖೆ ಕ್ರಿ.ಶ. ಸುಮಾರು 370ರದೆಂದು ಗುರುತಿಸಿದೆ. ಕಾಲನಿರ್ಣಯದ ಕುರಿತು ವಿದ್ವಾಂಸರಲ್ಲಿ ಚರ್ಚೆ ಉಂಟು. ಹಾಸನದ ಅಭಿಮಾನಿ ಒಬ್ಬ ಒಂದು ಸಾಲನ್ನು, ಶಿವಮೊಗ್ಗದ ಅಭಿಮಾನಿ ಇನ್ನೊಬ್ಬ ಇನ್ನೊಂದು ಸಾಲನ್ನು ವಿಶ್ವಕೋಶಕ್ಕೆ ಸೇರಿಸಬಹುದು. ಯಾರ ಸಾಲು ಉಳಿದಿದೆಯೋ ಅದೇ ಆ ದಿನ ನೋಡಿದ ವಿದ್ಯಾರ್ಥಿಯ ಪಾಲಿಗೆ ಸತ್ಯ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ವಿಷಯವೂ ಹಾಗೆಯೇ. ಅದು ಕದಂಬರ ಕಾಲದಿಂದ ಹೆಸರಾದ ಸ್ಥಳ, ಪ್ರಾಚೀನ ದುರ್ಗ, ರೇಣುಕಾಂಬೆಯ ಕ್ಷೇತ್ರ. ಅಲ್ಲಿಯೇ 1986ರಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆಯಿತು. ಅನಂತರ ಆ ಪದ್ಧತಿ ನಿಷೇಧಕ್ಕೊಳಗಾಯಿತು. ಎರಡೂ ನಿಜ. ಆದರೆ ದುರ್ಗವನ್ನೂ ದೇವಾಲಯವನ್ನೂ ಮೊದಲು ಹೇಳಿ ಆ ಘಟನೆಯನ್ನು ಅನಂತರ ಹೇಳಿದರೆ ಓದುಗನ ಮನಸ್ಸಿನಲ್ಲಿ ಒಂದು ಚಿತ್ರ ಮೂಡುತ್ತದೆ. ಘಟನೆಯನ್ನೇ ಮೊದಲಿಗಿಟ್ಟರೆ ಬೇರೊಂದು ಚಿತ್ರ ಮೂಡುತ್ತದೆ. ಅದನ್ನು ಬಿಟ್ಟೇಬಿಟ್ಟರೆ ಅಲ್ಲಿ ನೊಂದ ದಲಿತ ಸಹೋದರಿಯರ ನೋವೇ ಇಲ್ಲವಾಗುತ್ತದೆ. ಒಂದೂ ಸುಳ್ಳನ್ನು ಬರೆಯದೆ, ಬರಿಯ ಅನುಕ್ರಮದಿಂದಲೇ ಅಭಿಪ್ರಾಯವನ್ನು ತಿರುಗಿಸಬಹುದೆಂಬುದಕ್ಕೆ ಇದು ಸಾಕು.

ಇನ್ನು ನಮ್ಮ ಸಮುದಾಯದ ಎದೆಗೇ ತಾಗುವ ವಿಷಯಕ್ಕೆ ಬರೋಣ. ಶಿಕಾರಿಪುರವೆಂಬ ಹೆಸರೇ ಹೈದರಾಲಿ ಇಲ್ಲವೇ ಟಿಪ್ಪುವಿನ ಕಾಲದ ಶಿಕಾರಿಯಿಂದ ಬಂದಿತೆಂಬ ಹೇಳಿಕೆ ಜನರಲ್ಲಿದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮಾತಿನ ಕಥೋಲಿಕ ಕುಟುಂಬಗಳಿಗಾದರೋ ಟಿಪ್ಪುವಿನ ಹೆಸರು ಬೇರೊಂದು ನೆನಪನ್ನು ತರುತ್ತದೆ. 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದಂದು ಕೆನರಾ ಸೀಮೆಯ ಕಥೋಲಿಕರನ್ನು ಬಂಧಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರೆಂಬ, ದಾರಿಯಲ್ಲಿಯೂ ಸೆರೆಯಲ್ಲಿಯೂ ಅಸಂಖ್ಯರು ಮಡಿದರೆಂಬ, 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಉಳಿದವರು ಬಿಡುಗಡೆ ಹೊಂದಿದರೆಂಬ ಕಥೆ ತಾತಂದಿರಿಂದ ಮೊಮ್ಮಕ್ಕಳಿಗೆ ಇಳಿದುಬಂದಿದೆ. ಆ ಸೆರೆವಾಸ ನಡೆದುದು ಇತಿಹಾಸಸಿದ್ಧ. ಅದನ್ನು ಅಲ್ಲಗಳೆಯುವುದು ಸತ್ತವರಿಗೆ ಮಾಡುವ ಅನ್ಯಾಯ.

ಆದರೆ ಸೆರೆಯಾದವರು ಎಷ್ಟು ಮಂದಿ? ಇಲ್ಲಿಯೇ ತಿದ್ದುಪಡಿಯ ಕಲಹ ಆರಂಭವಾಗುವುದು. ಕೆನರಾದ ಮೊದಲ ಕಲೆಕ್ಟರಾದ ಥಾಮಸ್ ಮನ್ರೋ ಹೇಳುವ ಲೆಕ್ಕ ಸುಮಾರು 60,000. 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 70,000 ಎನ್ನುತ್ತಾನೆ. ತಾನೇ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರ್ರಿ ಹೇಳುವುದು 30,000. ಕೆಲವೆಡೆ 80,000ವೆಂದೂ ಇದೆ. ಮನ್ರೋ ಮತ್ತು ಬುಕಾನನ್ ಬರೆದುದು ಘಟನೆ ನಡೆದು ಹದಿನೈದು ವರ್ಷಗಳ ಮೇಲೆ. ಮೂವರೂ ಟಿಪ್ಪುವಿನ ಶತ್ರುಪಕ್ಷದ ಬ್ರಿಟಿಷರು. ಹಾಗೆಂದು ಅವರ ಮಾತೆಲ್ಲ ಸುಳ್ಳಾಗುವುದಿಲ್ಲ; ತಲೆ ಎಣಿಸಿ ಬರೆದ ಲೆಕ್ಕವೆಂದೂ ಆಗುವುದಿಲ್ಲ. ನ್ಯಾಯವಾಗಿ ಬರೆಯುವವನು ಈ ಎಲ್ಲ ಅಂಕಿಗಳನ್ನೂ, ಅವನ್ನು ಹೇಳಿದವರು ಯಾರು, ಎಂದು ಹೇಳಿದರು ಎಂಬುದನ್ನೂ ಒಟ್ಟಿಗೆ ಇಡುತ್ತಾನೆ. ಪಕ್ಷಪಾತಿ ತನಗೆ ಬೇಕಾದ ಒಂದೇ ಅಂಕಿಯನ್ನು ಮೊದಲ ಸಾಲಿನಲ್ಲಿ ನಿಲ್ಲಿಸುತ್ತಾನೆ. ಒಬ್ಬನ ಪುಟದಲ್ಲಿ 80,000 ಮಾತ್ರ ಉಳಿಯುತ್ತದೆ; ಇನ್ನೊಬ್ಬನ ಪುಟದಲ್ಲಿ 'ಕೆಲವು ಕ್ರೈಸ್ತರನ್ನು ಸ್ಥಳಾಂತರಿಸಲಾಯಿತು' ಎಂಬ ತಣ್ಣನೆಯ ಮಾತು ಮಾತ್ರ ಉಳಿಯುತ್ತದೆ. ಎರಡರಲ್ಲಿಯೂ ಆಧಾರದ ಅಡಿಟಿಪ್ಪಣಿ ಇರಬಹುದು. ಎರಡೂ ಅಪೂರ್ಣ.

ಇದೇ ಟಿಪ್ಪು 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿಮಾಡಿದಾಗ ಮಠಕ್ಕೆ ಧನಸಹಾಯ ಮಾಡಿದನು. ಆ ಸಂಬಂಧದ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಗೆ ದೊರೆತವು. ಇದೂ ಇತಿಹಾಸವೇ. 2015ರಿಂದ ಕರ್ನಾಟಕ ಸರ್ಕಾರ ಟಿಪ್ಪು ಜಯಂತಿಯನ್ನು ಆಚರಿಸಿದಾಗಲೂ, 2019ರಲ್ಲಿ ಅದನ್ನು ಕೈಬಿಟ್ಟಾಗಲೂ ಬೀದಿಗಳಲ್ಲಿ ಎದ್ದ ಕೂಗಿನಲ್ಲಿ ಒಂದು ಪಕ್ಷಕ್ಕೆ ಶೃಂಗೇರಿಯ ಪತ್ರ ಮಾತ್ರ ಬೇಕಾಗಿತ್ತು, ಇನ್ನೊಂದಕ್ಕೆ ಶ್ರೀರಂಗಪಟ್ಟಣದ ಸೆರೆ ಮಾತ್ರ ಬೇಕಾಗಿತ್ತು. ಕರಾವಳಿಯ ಕಥೋಲಿಕರ ಸಂಕಟವನ್ನು ಅದುವರೆಗೆ ಎಂದೂ ವಿಚಾರಿಸದಿದ್ದವರು ಕೂಡ ಆ ದಿನಗಳಲ್ಲಿ ಅದನ್ನು ವೇದಿಕೆಯ ಮೇಲೆ ಎತ್ತಿ ಹಿಡಿದರು. ನಮ್ಮ ಪೂರ್ವಜರ ಕಣ್ಣೀರು ಇತರರ ವಾದಕ್ಕೆ ಎಣ್ಣೆಯಾಯಿತು. ವಿಶ್ವಕೋಶದ ಒಂದು ಸಾಲು ಭಾಷಣಕ್ಕೂ, ಭಾಷಣದಿಂದ ವಾಟ್ಸ್‌ಆ್ಯಪ್ ಸಂದೇಶಕ್ಕೂ, ಸಂದೇಶದಿಂದ ಮನೆಯ ಊಟದ ಮಾತಿಗೂ ಇಳಿಯುವ ದಾರಿ ಬಹಳ ಹತ್ತಿರದ್ದು. ಗೂಗಲ್ ತೋರಿಸುವ ಸಾರಾಂಶಕ್ಕೂ, ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಯಂತ್ರಗಳ ಉತ್ತರಕ್ಕೂ ಅದೇ ಸಾಲು ಆಹಾರವಾಗುತ್ತಿದೆ. ಕೊನೆಗೆ ಅದು ತಟ್ಟುವುದು ಯಾರಿಗೆ? ಶಿಕಾರಿಪುರದ ಸಂತೆಯಲ್ಲಿ ನಮ್ಮ ಪಕ್ಕದಲ್ಲಿಯೇ ವ್ಯಾಪಾರ ಮಾಡುವ, ನಮ್ಮ ಮಕ್ಕಳೊಡನೆ ಒಂದೇ ಶಾಲೆಗೆ ಮಕ್ಕಳನ್ನು ಕಳುಹಿಸುವ ಮುಸ್ಲಿಂ ನೆರೆಯವನಿಗೆ. 1784ರಲ್ಲಿ ನಡೆದುದಕ್ಕೆ ಅವನು ಹೇಗೆ ಹೊಣೆಯಾದಾನು?

ಆದುದರಿಂದ ನಮ್ಮ ನಿಲುವು ಇದು: ಪೂರ್ವಜರ ಸಂಕಟವನ್ನು ಅಳಿಸಲು ಬಿಡಬಾರದು, ಅದೇ ಸಂಕಟವನ್ನು ನೆರೆಯವನ ಮೇಲೆ ಎಸೆಯುವ ಕಲ್ಲಾಗಿ ಮಾಡಲೂ ಬಿಡಬಾರದು. 30,000 ಎಂಬ ಅಂಕಿಯನ್ನು ಪುಟದಲ್ಲಿ ಉಳಿಸಬೇಕೆಂದು ಕಥೋಲಿಕನೇ ಕೇಳಬೇಕು. ಸೆರೆವಾಸದ ವೃತ್ತಾಂತವನ್ನು ಅಳಿಸಬಾರದೆಂದು ಟಿಪ್ಪುವಿನ ಅಭಿಮಾನಿಯೇ ಕೇಳಬೇಕು. ತನಗೆ ಅನುಕೂಲವಲ್ಲದ ಸಾಕ್ಷ್ಯವನ್ನು ಕಾಪಾಡುವವನ ಮಾತಿಗೆ ಮಾತ್ರ ಬೆಲೆಯುಂಟು.

ನಮಗೆ ಹತ್ತಿರದ ಕಾಲದ ಇನ್ನೊಂದು ಉದಾಹರಣೆಯೂ ಇದನ್ನೇ ಹೇಳುತ್ತದೆ. 2008ರ ಸೆಪ್ಟೆಂಬರ್ 14ರಿಂದ ಮಂಗಳೂರಿನಲ್ಲಿಯೂ ಇತರೆಡೆಗಳಲ್ಲಿಯೂ ದೇವಾಲಯಗಳ ಮತ್ತು ಪ್ರಾರ್ಥನಾಮಂದಿರಗಳ ಮೇಲೆ ನಡೆದ ದಾಳಿಯನ್ನು ನಮ್ಮ ಮನೆಗಳು ಮರೆತಿಲ್ಲ. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗವು 2011ರ ಜನವರಿಯಲ್ಲಿ ಕೊಟ್ಟ ವರದಿ, ಸರ್ಕಾರಕ್ಕಾಗಲಿ ಸಂಘ ಪರಿವಾರದ ಪ್ರಮುಖ ಸಂಘಟನೆಗಳಿಗಾಗಲಿ ಅದರಲ್ಲಿ ಕೈವಾಡವಿಲ್ಲವೆಂದಿತು. ನಿವೃತ್ತ ನ್ಯಾಯಮೂರ್ತಿ ಮೈಕಲ್ ಎಫ್. ಸಲ್ಡಾನ್ಹ ಅವರ ಸ್ವತಂತ್ರ ವರದಿ ಅದಕ್ಕೆ ತೀರ ವಿರುದ್ಧವಾದ ನಿರ್ಣಯಕ್ಕೆ ಬಂದಿತು. ಎರಡನ್ನೂ ಹೇಳಿ ಯಾವುದು ಯಾರ ವರದಿಯೆಂದು ತಿಳಿಸುವ ಪುಟ ಓದುಗನಿಗೆ ಯೋಚಿಸಲು ಎಡೆ ಕೊಡುತ್ತದೆ. ಒಂದನ್ನು ಮಾತ್ರ ಹೇಳುವ ಪುಟ ಅವನ ಪರವಾಗಿ ತಾನೇ ತೀರ್ಪು ಬರೆದುಬಿಡುತ್ತದೆ. ನಮ್ಮ ಗಾಯದ ಕುರಿತೂ ಈ ನ್ಯಾಯವನ್ನು ನಾವು ಒಪ್ಪಲೇಬೇಕು. ಆಗ ಮಾತ್ರ ಸಲ್ಡಾನ್ಹ ವರದಿಯನ್ನು ಯಾರಾದರೂ ಅಳಿಸಿದಾಗ 'ಇದು ಅನ್ಯಾಯ' ಎಂದು ಕೇಳುವ ಹಕ್ಕು ನಮಗಿರುತ್ತದೆ.

'ನಮ್ಮವರೇ ಹೆಚ್ಚು ಮಂದಿ ಬರೆದರೆ ಎಲ್ಲ ಸರಿಹೋದೀತು' ಎಂದು ಕೆಲವರು ಹೇಳಬಹುದು. ಯೂರೋಪಿನ ಒಂದು ಅನುಭವ ಈ ಭ್ರಮೆಯನ್ನು ಕಳೆಯುತ್ತದೆ. ಕ್ರೊಯೇಷಿಯ ಕಥೋಲಿಕರೇ ಬಹುಸಂಖ್ಯಾತರಾಗಿರುವ ದೇಶ. ಆ ಭಾಷೆಯ ವಿಕಿಪೀಡಿಯವನ್ನು ಒಂದು ಸಣ್ಣ ಗುಂಪು ವರ್ಷಗಟ್ಟಲೆ ತನ್ನ ವಶದಲ್ಲಿಟ್ಟುಕೊಂಡು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೆಹೂದ್ಯರ, ಸೆರ್ಬಿಯನ್ನರ, ರೊಮಾ ಜನರ ಕಗ್ಗೊಲೆ ನಡೆಸಿದ ಉಸ್ತಾಶಾ ಆಡಳಿತದ ಪಾಪವನ್ನು ತೊಳೆಯುವಂತೆ ಇತಿಹಾಸವನ್ನು ತಿದ್ದಿತು. ವಿರೋಧಿಸಿದ ಸಂಪಾದಕರನ್ನು ಹೊರಗಟ್ಟಿತು. 2013ರಲ್ಲಿ ಆ ದೇಶದ ಶಿಕ್ಷಣ ಸಚಿವರೇ ಅದನ್ನು ನಂಬಬೇಡಿರೆಂದು ವಿದ್ಯಾರ್ಥಿಗಳನ್ನು ಎಚ್ಚರಿಸಬೇಕಾಯಿತು. 2021ರಲ್ಲಿ ವಿಕಿಮೀಡಿಯ ಪ್ರತಿಷ್ಠಾನ ಪ್ರಕಟಿಸಿದ ವರದಿ ಆ ತಿರುಚುವಿಕೆಯನ್ನು ದೃಢಪಡಿಸಿತು. ಸಂಪಾದಕರು ಕಡಿಮೆಯಿರುವ ಸಣ್ಣ ಭಾಷೆಯ ವಿಶ್ವಕೋಶ ಎಷ್ಟು ಸುಲಭವಾಗಿ ಕೆಲವರ ಸೊತ್ತಾಗಬಲ್ಲದೆಂಬುದನ್ನು ಕನ್ನಡಿಗರೂ ಕೊಂಕಣಿಗರೂ ಇದರಿಂದ ಕಲಿಯಬೇಕು. ಬರೆಯುವವನ ಜ್ಞಾನದೀಕ್ಷೆಯ ಹೆಸರು ಬರಹದ ಸತ್ಯಕ್ಕೆ ಹೊಣೆಯಲ್ಲ.

'ಹಾಗಾದರೆ ನ್ಯಾಯಾಲಯಕ್ಕೆ ಹೋಗಬಾರದೇಕೆ?' ಎಂಬ ಪ್ರಶ್ನೆಯೂ ಏಳುತ್ತದೆ. ಎಎನ್ಐ ಸುದ್ದಿಸಂಸ್ಥೆಯು ತನ್ನ ಕುರಿತ ಪುಟದಲ್ಲಿ ಮಾನಹಾನಿಯಾಗಿದೆಯೆಂದು 2024ರ ಜುಲೈಯಲ್ಲಿ ದೆಹಲಿ ಹೈಕೋರ್ಟಿನಲ್ಲಿ 2 ಕೋಟಿ ರೂಪಾಯಿಯ ದಾವೆ ಹೂಡಿತು. ಆ ಮೊಕದ್ದಮೆಯನ್ನೇ ವಿವರಿಸುವ ಇನ್ನೊಂದು ಪುಟವನ್ನು ತೆಗೆದುಹಾಕಲು ಅಕ್ಟೋಬರಿನಲ್ಲಿ ಹೈಕೋರ್ಟು ಆದೇಶಿಸಿತು. 2025ರ ಮೇ 9ರಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ನಿಜವಾದ ಮಾನಹಾನಿಗೆ ಕಾನೂನಿನ ರಕ್ಷಣೆ ಇರಲೇಬೇಕು. ಆದರೆ ಇತಿಹಾಸದ ವಿವಾದ ಆದೇಶದಿಂದ ತೀರುವಂತಹುದಲ್ಲ. ಬಲವುಳ್ಳವನು ಇಂದು ತನಗೆ ಬೇಡದ ಪುಟವನ್ನು ತೆಗೆಸಿದರೆ, ನಾಳೆ ಅಲ್ಪಸಂಖ್ಯಾತರಾದ ನಮ್ಮ ನೋವಿನ ಪುಟವನ್ನೂ ತೆಗೆಸಲಾರನೆಂದು ಹೇಳುವವರು ಯಾರು?

ವಿವಾದದ ನಡುವೆ ಸತ್ಯವನ್ನು ಅರಸುವ ಕ್ರಮ ನಮ್ಮ ಧರ್ಮಸಭೆಗೆ ಹೊಸದಲ್ಲ. ಒಬ್ಬರನ್ನು ಸಂತರೆಂದು ಸಾರುವ ಮೊದಲು ಅವರ ವಿರುದ್ಧ ಏನೇನು ಹೇಳಬಹುದೋ ಅದನ್ನೆಲ್ಲ ಮುಂದಿಡುವುದಕ್ಕಾಗಿ 1587ರಲ್ಲಿ ಐದನೆಯ ಸಿಕ್ಸ್ತುಸ್ ಜಗದ್ಗುರುಗಳು ಒಬ್ಬ ಅಧಿಕಾರಿಯನ್ನು ನೇಮಿಸುವ ಪದ್ಧತಿಯನ್ನು ಸ್ಥಾಪಿಸಿದರು. ಜನರು ಅವನನ್ನು 'ಸೈತಾನನ ವಕೀಲ'ನೆಂದು ಕರೆದರು. 1983ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಆ ವಿಧಾನವನ್ನು ಪರಿಷ್ಕರಿಸಿದರಾದರೂ ಪ್ರತಿಕೂಲ ಸಾಕ್ಷ್ಯವನ್ನು ಕೇಳುವ ನಿಯಮ ಇಂದಿಗೂ ಉಳಿದಿದೆ. ತನ್ನ ಸಂತರ ವಿಷಯದಲ್ಲಿಯೇ ಧರ್ಮಸಭೆ ವಿರೋಧಪಕ್ಷವನ್ನು ಆಲಿಸುವುದಾದರೆ, ಊರಿನ ಇತಿಹಾಸದ ವಿಷಯದಲ್ಲಿ ಅದನ್ನು ಆಲಿಸಲು ನಾವೇಕೆ ಅಂಜಬೇಕು? ನೆರೆಯವನ ವಿರುದ್ಧ ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆ ನ್ಯಾಯಾಲಯದ ಕಟಕಟೆಗೆ ಮಾತ್ರ ಸಂಬಂಧಿಸಿದುದಲ್ಲ. ಅರ್ಧ ಸಾಕ್ಷ್ಯವನ್ನು ಮುಚ್ಚಿಟ್ಟು ಉಳಿದರ್ಧವನ್ನು ಲಕ್ಷಾಂತರ ಜನರ ಮುಂದಿಡುವ ಬೆರಳಿಗೂ ಅದು ಅನ್ವಯಿಸುತ್ತದೆ. ಪರಿಶೀಲಿಸದೆ ಅದನ್ನು ಮುಂದಕ್ಕೆ ಕಳುಹಿಸುವ ಬೆರಳಿಗೂ ಅನ್ವಯಿಸುತ್ತದೆ.

ಇನ್ನು ನಾವು ಮಾಡಬೇಕಾದುದೇನು? ಮೊದಲನೆಯದು, ಮನೆಯಲ್ಲಿ. ಮಕ್ಕಳು ವಿಶ್ವಕೋಶವನ್ನು ತೆರೆಯುವುದನ್ನು ತಡೆಯಬೇಕಾಗಿಲ್ಲ. ಅದರಿಂದ ಆಗಿರುವ ಉಪಕಾರ ದೊಡ್ಡದು. ಆದರೆ ವಿವಾದದ ವಿಷಯವಾದರೆ ಅಡಿಟಿಪ್ಪಣಿಯಲ್ಲಿ ಯಾವ ಗ್ರಂಥವಿದೆ, 'ಇತಿಹಾಸ'ದಲ್ಲಿ ಏನನ್ನು ಅಳಿಸಿದ್ದಾರೆ, 'ಚರ್ಚೆ'ಯಲ್ಲಿ ಯಾರು ಏನು ವಾದಿಸಿದ್ದಾರೆ ಎಂಬುದನ್ನು ನೋಡಲು ತಂದೆತಾಯಂದಿರು ಕಲಿಸಬೇಕು. ಹತ್ತು ನಿಮಿಷದ ಈ ಅಭ್ಯಾಸ ಮಕ್ಕಳನ್ನು ಎಷ್ಟೋ ಸುಳ್ಳುಗಳಿಂದ ಕಾಯುತ್ತದೆ.

ಎರಡನೆಯದು, ಧರ್ಮಕೇಂದ್ರದಲ್ಲಿ. ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾದುದು 1988ರ ನವೆಂಬರ್ 14ರಂದು. ಅದಕ್ಕೂ ಮುಂಚೆ ಮಲೆನಾಡಿನಲ್ಲಿ ಕಾಡು ಕಡಿದು, ತೋಟದ ಕೂಲಿ ಮಾಡಿ, ಮಳೆಗಾಲದಲ್ಲಿ ಮೈಲಿಗಟ್ಟಲೆ ನಡೆದು ಬಲಿಪೂಜೆಗೆ ಬರುತ್ತಿದ್ದ ಹಿರಿಯರ ಕಥೆ ಎಲ್ಲಿ ಅಚ್ಚಾಗಿದೆ? ಎಲ್ಲಿಯೂ ಪ್ರಕಟವಾಗದುದನ್ನು ವಿಶ್ವಕೋಶ ಒಪ್ಪುವುದಿಲ್ಲ. ಹಿರಿಯರೊಬ್ಬರು ತೀರಿಕೊಂಡರೆ ಅವರೊಡನೆ ಒಂದು ಸಾಕ್ಷ್ಯವೂ ಮಣ್ಣಾಗುತ್ತದೆ. ಜುಬಿಲಿ ಸ್ಮರಣ ಸಂಚಿಕೆಗಳಲ್ಲಿ ಶುಭಾಶಯದ ಪುಟಗಳನ್ನು ಕಡಿಮೆ ಮಾಡಿ, ದಿನಾಂಕ ಸಹಿತವಾದ ಇತಿಹಾಸವನ್ನು ಬರೆಸೋಣ; ಒಂದೊಂದು ಪ್ರತಿಯನ್ನು ಶಿಕಾರಿಪುರದ, ಸೊರಬದ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡೋಣ. ನಮ್ಮ ಸಂಚಿಕೆ ನಮ್ಮದೇ ಮಾತಾದುದರಿಂದ ಅದೊಂದೇ ಸಾಲದು. ಪತ್ರಿಕೆಗಳಲ್ಲಿ, ಕಾಲೇಜಿನ ಸಂಶೋಧನ ಪ್ರಬಂಧಗಳಲ್ಲಿ ಅದು ಪರಿಶೀಲನೆಗೆ ಒಳಗಾಗಬೇಕು. ಆಗ ಅದಕ್ಕೆ ಸಾಕ್ಷ್ಯದ ತೂಕ ಬರುತ್ತದೆ.

ಮೂರನೆಯದು, ನಮ್ಮ ಯುವಜನರಿಗೆ. ಬರೆಯಬಲ್ಲವರು ಬರೆಯಲಿ, ಕನ್ನಡದಲ್ಲಿ ಬರೆಯಲಿ. ತಾಳಗುಂದದ ಕುರಿತು, ಅಲ್ಲಮಪ್ರಭುವಿನ ಬಳ್ಳಿಗಾವಿಯ ಕುರಿತು, ಅಕ್ಕಮಹಾದೇವಿಯ ಉಡುತಡಿಯ ಕುರಿತು ಮೊದಲು ಬರೆಯಲಿ. ಊರಿನ ಎಲ್ಲರ ಸೊತ್ತಿಗೆ ದುಡಿದವನ ಮಾತನ್ನು ತನ್ನ ಸಮುದಾಯದ ವಿಷಯದಲ್ಲಿಯೂ ಜನ ನಂಬುತ್ತಾರೆ. ತಮ್ಮ ಧರ್ಮಕೇಂದ್ರದ ಅಥವಾ ಸಂಸ್ಥೆಯ ಪುಟವಾದರೆ ತಮ್ಮ ಸಂಬಂಧವನ್ನು ಮುಚ್ಚಿಡದೆ ತಿಳಿಸಲಿ. ಎದುರಾಳಿ ಆಧಾರ ಸಹಿತವಾಗಿ ಬರೆದುದನ್ನು ಅಳಿಸದಿರಲಿ. ಅದರ ಪಕ್ಕದಲ್ಲಿ ತಮ್ಮ ಆಧಾರವನ್ನಿಡಲಿ.

ಲೋಕಾಭಿಪ್ರಾಯವನ್ನು ಗೆಲ್ಲುವುದು ನಮಗೆ ವಹಿಸಿದ ಕೆಲಸವಲ್ಲ. ಸಾಕ್ಷಿ ನುಡಿಯುವುದು ನಮ್ಮ ಕೆಲಸ. ತಾಳಗುಂದದ ಕಲ್ಲಿನ ಮೇಲೆ ಬರೆದವನಿಗೆ ಅದನ್ನು ತಿದ್ದುವ ಅವಕಾಶ ಅಷ್ಟಾಗಿ ಇರಲಿಲ್ಲ. ಆದುದರಿಂದ ಅವನು ಯೋಚಿಸಿ ಕೆತ್ತಿದ. ಕ್ಷಣಕ್ಷಣಕ್ಕೂ ತಿದ್ದಬಹುದಾದ ಪುಟದ ಮೇಲೆ ಬರೆಯುವ ನಮ್ಮ ಕಾಲದವರು ಅವನಿಗಿಂತ ಹೆಚ್ಚು ಯೋಚಿಸಿ ಬರೆಯಬೇಕಾಗಿದೆ. ಬರುವ ವಿಭೂತಿ ಬುಧವಾರದಂದು ಹಣೆಗೆ ಬೂದಿ ಧರಿಸುವಾಗ 1784ರ ಆ ಬುಧವಾರವನ್ನು ನೆನೆಯುವ ಕುಟುಂಬಗಳು ಮಡಿದವರಿಗಾಗಿ ಒಂದು ಪ್ರಾರ್ಥನೆ ಸಲ್ಲಿಸಲಿ. ಇಂದಿನ ನೆರೆಯವರೊಡನೆ ಶಾಂತಿಯಿಂದ ಬಾಳುವ ಕೃಪೆಗಾಗಿ ಇನ್ನೊಂದು ಪ್ರಾರ್ಥನೆಯನ್ನೂ ಸಲ್ಲಿಸಲಿ.